ಹಿಂಬದಿ: ಖಾಲಿ

ಅದಿತಿ ಕೇಳಿದ್ದು ಒಂದು ಗಂಟೆಯ ಭಾಷಣ. ಬರೆದು ಕೊಡುತ್ತೇನೆ ಎಂದು ಹಟ ಹಿಡಿದವನು ನಾನು.

ಸಿಂಗಾಪುರದ ಬಡಾವಣೆಗಳ ಕಥೆಗಳನ್ನು ಸಣ್ಣ ಪ್ರದರ್ಶನಗಳಾಗಿ ಕಟ್ಟಿ, ಲೈಬ್ರರಿಯ ಮೂಲೆಯಲ್ಲೋ ಫ್ಲ್ಯಾಟುಗಳ ಕೆಳಗೆ ಗೋಡೆಯಿಲ್ಲದೆ ತೆರೆದಿಟ್ಟ ವಾಯ್ಡ್ ಡೆಕ್‌ನಲ್ಲೋ ಇಡುವ ಸಂಸ್ಥೆಯೊಂದರಲ್ಲಿ ನಾನು ಇಪ್ಪತ್ತಾರು ವರ್ಷ ದುಡಿದೆ. ಈಗ ಅದೇ ಸಂಸ್ಥೆಯಲ್ಲಿ ಅದಿತಿ ಇದ್ದಾಳೆ. ಮೈಸೂರಿನ ಅಪ್ಪ ಅಮ್ಮನ ಮಗಳು, ಬೆಳೆದದ್ದೆಲ್ಲ ಇಲ್ಲಿನ ಸೆರಂಗೂನ್ ಬಡಾವಣೆಯಲ್ಲಿ. ಹಳೆಯ ಕಾಗದ, ಹಳೆಯ ಫೋಟೊಗಳನ್ನು ಉಳಿಸುವುದನ್ನೇ ಓದಿಕೊಂಡು ಬಂದವಳು. ನಾಲ್ಕೈದು ತಿಂಗಳ ಹಿಂದೆ ಫೋನ್ ಮಾಡಿ, "ಅಂಕಲ್, ಹೊಸಬರು ನಾಲ್ಕು ಜನ ಜಾಯಿನ್ ಆಗಿದಾರೆ. ನಿಮ್ಮ ಎಕ್ಸ್‌ಪೀರಿಯೆನ್ಸ್ ಶೇರ್ ಮಾಡಿ. ಸಿಂಪಲ್ ಆಗಿ ಲಾ, ಒನ್ ಅವರ್ ಸಾಕು" ಅಂದಳು, ಇಲ್ಲಿಯವರ ಬಾಯಲ್ಲಿ ಸದಾ ಇರುವ ಆ 'ಲಾ' ಸೇರಿಸಿ.

ನಾಲ್ಕು ಜನರ ಮುಂದೆ ನಿಂತರೆ ನಾನು ಮಾತುಗಾರನಾಗಿಬಿಡುತ್ತೇನೆ. ನಗಿಸುತ್ತೇನೆ, ಚಪ್ಪಾಳೆ ಗಿಟ್ಟಿಸುತ್ತೇನೆ, ಹೇಳಬೇಕಾದ್ದನ್ನು ಹೇಳದೆ ಕೆಳಗಿಳಿಯುತ್ತೇನೆ. ಅದಕ್ಕೇ ಬರವಣಿಗೆ. ಅದೂ ಕನ್ನಡದಲ್ಲಿ, ಹೊಸಬರಿಗೆ ಬೇಕಾದಷ್ಟನ್ನು ಅದಿತಿ ಇಂಗ್ಲಿಷ್ ಮಾಡಿಕೊಳ್ಳಲಿ. ಇಂಗ್ಲಿಷಿನಲ್ಲಿ ನನಗೆ ಸುಳ್ಳು ಬಹಳ ಸಲೀಸು. ಅದು ಎಷ್ಟು ಸಲೀಸು ಎನ್ನುವುದೇ ಇಲ್ಲಿನ ವಿಷಯ.

ಬಡ್ತಿ, ಪ್ರಶಸ್ತಿಪತ್ರ ಇವುಗಳ ಬಗ್ಗೆ ಬರೆಯುವುದಿಲ್ಲ. ಅವು ಒಂದು ಫೈಲಿನಲ್ಲಿವೆ. ಆ ಫೈಲನ್ನು ನಾನು ತೆರೆಯುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿದ ಮೊದಲ ಎಡವಟ್ಟು ಸೆಂಬವಾಂಗಿನ ಹಡಗು ರಿಪೇರಿ ಕೆಲಸಗಾರರ ಪ್ರದರ್ಶನದಲ್ಲಿ. ನೆಗೆಟಿವನ್ನು ಮಗುಚಿಟ್ಟು ಆಳೆತ್ತರದ ಫೋಟೊ ಪ್ರಿಂಟ್ ಹಾಕಿಸಿಬಿಟ್ಟೆ. ಎಡ ಬಲವಾಯಿತು, ಬಲ ಎಡವಾಯಿತು. ಉದ್ಘಾಟನೆಯ ದಿನ ಒಬ್ಬ ಮುದುಕ ವೆಲ್ಡರ್ ಅದರ ಮುಂದೆ ಬಹಳ ಹೊತ್ತು ನಿಂತಿದ್ದ. ಕಣ್ಣಲ್ಲಿ ನೀರು ಬಂದಿರಬೇಕು ಎಂದುಕೊಂಡು ನಾನು ಹತ್ತಿರ ಹೋದೆ. "ಮಿಸ್ಟರ್, ನಮ್ಮ ಯಾರ್ಡಿನಲ್ಲಿ ಇಷ್ಟೊಂದು ಎಡಚರು ಇದ್ದರು ಅಂತ ನನಗೆ ಗೊತ್ತೇ ಇರಲಿಲ್ಲ" ಅಂದ. ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ತಪ್ಪಾಯಿತು ಅಂದೆ, ಎರಡು ದಿನದಲ್ಲಿ ಹೊಸ ಫೋಟೊ ಹಾಕಿದೆ. ಈ ಕಥೆಯನ್ನು ಎಷ್ಟು ಪಾರ್ಟಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರ ಮನೆ ದೋಸೆಯೂ ತೂತೇ ಎಂದು ಸೇರಿಸುತ್ತಿದ್ದೆ. ನಗು ಬರಿಸುವ ತಪ್ಪನ್ನು ಒಪ್ಪಿಕೊಂಡರೆ ಜನ ದೊಡ್ಡ ಮನುಷ್ಯ ಅನ್ನುತ್ತಾರೆ, ಅದಕ್ಕೆ ಧೈರ್ಯವೇನೂ ಬೇಕಿಲ್ಲ.

ಆಗ ನನ್ನ ಮೇಲಧಿಕಾರಿ ಮಿಸೆಸ್ ಟಾನ್. ಗಿಡ್ಡ ಹೆಂಗಸು, ದೊಡ್ಡ ಧ್ವನಿ. ನಾನು ಬರೆದ ವಿವರಣೆಗಳನ್ನೆಲ್ಲ ಅರ್ಧಕ್ಕೆ ಕತ್ತರಿಸುತ್ತಿದ್ದರು. "ಗೋಡೆ ಮೇಲೆ ಪುಸ್ತಕ ಬರೀಬೇಡಿ ಪ್ರಸಾದ್. ಓದೋರು ನಿಂತಿದಾರೆ, ಅವರ ಕಾಲು ನೋಯುತ್ತೆ" ಎನ್ನುವುದು ಅವರ ಮಂತ್ರ. ಪ್ರದರ್ಶನ ಮುಗಿಸಿ ನಾವು ಕೈ ತೊಳೆದುಕೊಂಡ ಮೇಲೆ ಅವರು ಮಕ್ಕಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, ಹಾಗೇ ಬಾತುಕೋಳಿಯಂತೆ ನಡೆದು ಎಲ್ಲವನ್ನೂ ಮತ್ತೆ ನೋಡುತ್ತಿದ್ದರು. ನಾವು ಹಿಂದೆ ನಿಂತು ನಗುತ್ತಿದ್ದೆವು.

ಜನರಿಂದ ವಸ್ತುಗಳನ್ನು ಎರವಲು ತರುವಾಗ ತುಂಬಬೇಕಾದ ಫಾರಂ ಮಾಡಿದ್ದೂ ಅವರೇ. ವಸ್ತುವಿನ ಮುಂಬದಿ ಹೇಗಿದೆ, ಹಿಂಬದಿ ಹೇಗಿದೆ, ಎಲ್ಲಿ ಹರಿದಿದೆ, ಏನು ಬರೆದಿದೆ, ಎಲ್ಲಕ್ಕೂ ಒಂದೊಂದು ಚೌಕ. ಕೆಳಗೆ ಕೊಟ್ಟವರ ಸಹಿ, ಪಡೆದವರ ಸಹಿ. ಆ ಫಾರಂನಲ್ಲಿ ಮುಂಬದಿಗಿಂತ ಮೊದಲು ಹಿಂಬದಿಯ ಸಾಲು ಇತ್ತು. ಯಾಕೆ ಹೀಗೆ ತಿರುಗುಮುರುಗು ಎಂದು ಕೇಳಿದ್ದೆ. "ಮುಖ ಎಲ್ಲರಿಗೂ ಕಾಣುತ್ತೆ. ಎಲ್ಲಿಂದ ಬಂತು, ಯಾರದ್ದು ಅಂತ ಹೇಳೋದು ಬೆನ್ನು. ಮೊದಲು ತಿರುಗಿಸಿ ನೋಡಿ, ಆಮೇಲೆ ಮಿಕ್ಕಿದ್ದು" ಅಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ.

ಕೆಲಸದ ರೀತಿ ನನ್ನ ಕಣ್ಣೆದುರೇ ನಾಲ್ಕೈದು ಸಲ ಬದಲಾಯಿತು. ನಾನು ಬಂದಾಗ ಅಕ್ಷರಗಳನ್ನು ಕೈಯಲ್ಲಿ ಕೊರೆದು ಅಂಟಿಸುತ್ತಿದ್ದೆವು. ಆಮೇಲೆ ಯಂತ್ರ ಕೊರೆಯಿತು, ಆಮೇಲೆ ಇಡೀ ಫಲಕವೇ ಪ್ರಿಂಟ್ ಆಗಿ ಬರತೊಡಗಿತು, ಕೊನೆಗೆ ಬೆರಳಿಟ್ಟರೆ ಮಾತಾಡುವ ಪರದೆಗಳು. ಪ್ರತಿ ಸಲವೂ ಕೆಲಸ ಬೇಗ ಮುಗಿಯುತ್ತಿತ್ತು, ತಪ್ಪೂ ಬೇಗ ಆಗುತ್ತಿತ್ತು. ನನಗೆ ಮಾತ್ರ ಒಂದು ಹಳೆಯ ಚಾಳಿ ಬಿಡಲಿಲ್ಲ. ಹಳೆಯ ಫೋಟೊಗಳ ನಕಲು ತೆಗೆಯುವುದನ್ನು ಹೊರಗಿನವರಿಗೆ ಕೊಡುತ್ತಿರಲಿಲ್ಲ. ಅದೇ ಬಗೆಯ ದಪ್ಪ ಕಾಗದ ಹುಡುಕಿ, ಮಾಸಲು ಬಣ್ಣಕ್ಕೆ ಚಹಾದ ನೀರು ಸವರಿ, ಹಳೆಯ ಸ್ಟುಡಿಯೋ ಫೋಟೊಗಳ ಅಂಚಿನಲ್ಲಿರುವ ಹಲ್ಲುಹಲ್ಲಾದ ಕತ್ತರಿಕೆಯನ್ನು ನಾನೇ ಕತ್ತರಿಸುತ್ತಿದ್ದೆ. ಮೂಲ ಯಾವುದು, ನಕಲು ಯಾವುದು ಎಂದು ಸಹೋದ್ಯೋಗಿಗಳಿಗೆ ಪಂದ್ಯ ಕಟ್ಟುತ್ತಿದ್ದೆ. ಯಾರೂ ಗೆಲ್ಲುತ್ತಿರಲಿಲ್ಲ. ಜಂಬದ ಕೋಳಿ ನಾನು.

ಮಿಸೆಸ್ ಟಾನ್ ನಿವೃತ್ತರಾಗಿ, ಅವರ ಕುರ್ಚಿಯಲ್ಲಿ ನಾನು ಕೂತ ಮೇಲೆ ಬಂದದ್ದು ಕಾಂಬೋಡಿಯಾದವರ ಪ್ರದರ್ಶನ.

ಅಲ್ಲಿನ ಕೊಲೆಗಡುಕ ಆಳ್ವಿಕೆ, ಅದರ ಬೆನ್ನಿಗೆ ಬಂದ ಯುದ್ಧ, ಇವುಗಳಿಂದ ತಪ್ಪಿಸಿಕೊಂಡು ಕೆಲವರು ದೋಣಿ ಹತ್ತಿದ್ದರು. ನಡುನೀರಿನಲ್ಲಿ ಸಿಕ್ಕವರನ್ನು ಹಡಗುಗಳು ಎತ್ತಿಕೊಂಡು ಸಿಂಗಾಪುರಕ್ಕೆ ತಂದಿಳಿಸುತ್ತಿದ್ದವು. ಸೆಂಬವಾಂಗಿನ ಕಡೆ ಇದ್ದ ನಿರಾಶ್ರಿತರ ಶಿಬಿರದಲ್ಲಿ ವಿಯೆಟ್ನಾಮಿನವರೇ ಹೆಚ್ಚು, ಇವರು ಬೆರಳೆಣಿಕೆಯಷ್ಟು. ಬೇರೆ ದೇಶ ಕರೆದುಕೊಳ್ಳುವ ತನಕ ಮಾತ್ರ ಇಲ್ಲಿರಬಹುದಿತ್ತು. ಹಾಗೆ ಆಸ್ಟ್ರೇಲಿಯಾಕ್ಕೋ ಫ್ರಾನ್ಸಿಗೋ ಹೋದವರಲ್ಲಿ ಕೆಲವರು ಆಮೇಲೆ ಇಲ್ಲಿಯವರನ್ನು ಮದುವೆಯಾಗಿಯೋ ಕೆಲಸ ಹುಡುಕಿಕೊಂಡೋ ಹಿಂದಿರುಗಿ ಬಂದರು. ವುಡ್‌ಲ್ಯಾಂಡ್ಸ್ ಬಡಾವಣೆಯ ಸುತ್ತಮುತ್ತ ಅಂಥ ಹತ್ತು ಹನ್ನೆರಡು ಮನೆಗಳಿದ್ದವು. ಮಕ್ಕಳು ಇಲ್ಲಿನ ಮಕ್ಕಳಾಗಿಬಿಟ್ಟಿದ್ದರು. ತಮ್ಮ ಕಥೆ ತಮ್ಮೊಂದಿಗೇ ಹೋಗಿಬಿಡುತ್ತದೆ ಎಂದು ಅವರೇ ನಮ್ಮ ಬಳಿಗೆ ಬಂದಿದ್ದರು.

ಮೊದಲ ಫಲಕಕ್ಕೆ ನಾನಿಟ್ಟ ಹೆಸರಿನಲ್ಲಿ 'ನಿರಾಶ್ರಿತರು' ಎಂಬ ಪದ ಆಳೆತ್ತರಕ್ಕೆ ಇತ್ತು. ಅವರಲ್ಲೊಬ್ಬ ಎಲೆಕ್ಟ್ರಿಷಿಯನ್ ಅದನ್ನು ನೋಡಿ, "ನಾನು ಎಂಟು ತಿಂಗಳು ನಿರಾಶ್ರಿತ ಆಗಿದ್ದೆ. ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದೀನಿ. ಯಾವುದು ದೊಡ್ಡ ಅಕ್ಷರದಲ್ಲಿ ಬರಬೇಕು?" ಎಂದು ಕೇಳಿದ. ಹೆಸರು ಬದಲಾಯಿಸಿದೆ. ನಾಚಿಕೆಯಾಯಿತು, ಆದರೆ ಅದು ಸಹಿಸಬಹುದಾದ ನಾಚಿಕೆ.

ಚಾಂತಾ ಆಂಟಿ ಪರಿಚಯವಾದದ್ದು ಆಗ. ಇಲ್ಲಿ ಎಲ್ಲರೂ ಎಲ್ಲರಿಗೂ ಆಂಟಿ, ಅಂಕಲ್. ನಿಜ ಹೇಳಬೇಕೆಂದರೆ ಅವರು ನನಗಿಂತ ಒಂದೆರಡು ವರ್ಷ ಚಿಕ್ಕವರೇ. ಶಾಲೆಯ ಕ್ಯಾಂಟೀನಿನಲ್ಲಿ ನೂಡಲ್ಸ್ ಮಾಡುತ್ತಿದ್ದರು. ಗಂಡ ಇಲ್ಲಿಯ ಚೀನೀ ಮನುಷ್ಯ, ತೀರಿಕೊಂಡಿದ್ದ. ಮಗಳು ಸೂಲಿನ್ ಆಗ ತಾನೇ ಕೆಲಸಕ್ಕೆ ಸೇರಿದ್ದಳು. ಅವರ ಫ್ಲ್ಯಾಟು ಎಂಆರ್‌ಟಿ ರೈಲು ಹಳಿಯ ಪಕ್ಕ. ನಾನು ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವಾಗ, ಪುಟ್ಟ ತಮ್ಮನೊಬ್ಬ ಹಸಿವಿನಿಂದ ಸತ್ತ ದಿನವನ್ನು ಅವರು ಹೇಳುತ್ತಿದ್ದ ಹೊತ್ತಿಗೆ ಸರಿಯಾಗಿ ರೈಲು ಹೋಯಿತು. ಧ್ವನಿ ಕೆಟ್ಟಿತು. "ಇನ್ನೊಂದು ಸಲ ಹೇಳ್ತೀರಾ ಆಂಟಿ?" ಅಂದೆ. ಹೇಳಿದರು. ಮುಂದಿನ ರೈಲು ಬಂತು. ಮತ್ತೆ ಕೇಳಿದೆ. ಮೂರನೆಯ ಸಲವೂ ಅದೇ ಮಾತು, ಅದೇ ಶಾಂತಿಯಲ್ಲಿ ಹೇಳಿದರು. ಹೊರಗೆ ಬಂದು ಸಹೋದ್ಯೋಗಿಗೆ ನಾನು, ಮೂರನೆಯದು ಬಹಳ ಚೆನ್ನಾಗಿ ಬಂತು ಅಂದೆ.

ಅವರ ಹತ್ತಿರ ಒಂದೇ ಒಂದು ಫೋಟೊ ಇತ್ತು. ಊರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ದೊಡ್ಡಪ್ಪಂದಿರು, ಅವರ ಹೆಂಡಂದಿರು, ಮಕ್ಕಳು, ಒಟ್ಟು ಹದಿಮೂರು ಜನ. ಅವರಲ್ಲಿ ಜೀವ ಉಳಿಸಿಕೊಂಡು ಹೊರಬಿದ್ದವರು ಚಾಂತಾ ಮತ್ತು ಅವರ ತಾಯಿ ಇಬ್ಬರೇ. ತಾಯಿ ಆ ಫೋಟೊವನ್ನು ಸೊಂಟದ ಬಟ್ಟೆಯೊಳಗೆ ಹೊಲಿದುಕೊಂಡು ದೋಣಿ ಹತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಅದನ್ನು ಚಾಂತಾ ಆಂಟಿ ರಟ್ಟಿನ ಕವಚದಲ್ಲಿಟ್ಟಿದ್ದರು. ಕಿಟಕಿಯಂತೆ ಕತ್ತರಿಸಿದ ಕಡೆಯಿಂದ ಮುಂಭಾಗ ಮಾತ್ರ ಕಾಣುತ್ತಿತ್ತು. ಎರಡೂ ಕೈಯಲ್ಲಿ ನನಗೆ ಕೊಟ್ಟರು. ಇಂಗ್ಲಿಷ್ ಓದಲು ಅವರಿಗೆ ಬರುತ್ತಿರಲಿಲ್ಲ. ನಾನು ತೋರಿಸಿದ ಕಡೆ ಸಹಿ ಮಾಡಿದರು.

ಆ ದಿನ ನನ್ನ ಬಳಿ ನಲವತ್ತು ವಸ್ತುಗಳ ಫಾರಂ ಇದ್ದವು. ಕವಚದಿಂದ ಫೋಟೊ ಹೊರಗೆ ತೆಗೆಯದೆಯೇ 'ಹಿಂಬದಿ: ಖಾಲಿ' ಎಂಬ ಚೌಕಕ್ಕೆ ಗುರುತು ಹಾಕಿದೆ. ಇಷ್ಟೇ. ಒಂದು ಸಣ್ಣ ಗೀಟು.

ಆಮೇಲೆ ನನ್ನ ಚಾಳಿಯ ಪ್ರಕಾರ ನಕಲು ತೆಗೆದೆ. ನನ್ನ ಜೀವಮಾನದಲ್ಲೇ ಅಂಥ ನಕಲು ಮಾಡಿರಲಿಲ್ಲ. ಕಾಗದ, ಬಣ್ಣ, ಅಂಚು, ಬಲಮೂಲೆಯ ಸಣ್ಣ ಮಡಿಕೆ ಕೂಡ ಬಂದಿತ್ತು. ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಆ ಕಡೆ ಈ ಕಡೆ ನಿಂತು ನೋಡಿ ಹಿಗ್ಗಿದೆ. ಮಾರನೆಯ ದಿನ ಉದ್ಘಾಟನೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಅಂಟುಹಾಳೆ ಸೇರಿಸಿ ಒಂದನ್ನು ಹೀಟ್ ಪ್ರೆಸ್ಸಿನೊಳಗೆ ಇಟ್ಟು ಬೋರ್ಡಿಗೆ ಒತ್ತಿದೆ, ಇನ್ನೊಂದನ್ನು ಲಕೋಟೆಯಲ್ಲಿಟ್ಟು ಬೀರುವಿಗೆ ಬೀಗ ಹಾಕಿದೆ. ಬೀರುವಿಗೆ ಹೋದದ್ದು ನನ್ನ ನಕಲು. ಬಿಸಿಯಲ್ಲಿ ಬೋರ್ಡಿಗೆ ಬೆಸೆದುಹೋದದ್ದು ಮೂಲ. ನನ್ನ ಪಂದ್ಯದಲ್ಲಿ ನಾನೇ ಸೋತಿದ್ದೆ.

ಗೊತ್ತಾದದ್ದು ಪ್ರದರ್ಶನ ಮುಗಿದ ಮೇಲೆ, ಲಕೋಟೆ ತೆರೆದಾಗ. ಒಳಗಿದ್ದ ಫೋಟೊದ ಬೆನ್ನು ಹೊಸ ಕಾಗದದ ಬಿಳುಪು. ಬಾಗಿಲು ಹಾಕಿಕೊಂಡು ಬೋರ್ಡಿನ ಮೇಲಿದ್ದುದರ ಒಂದು ಮೂಲೆಯನ್ನು ಚೂರಿಯ ತುದಿಯಿಂದ ಎಬ್ಬಿಸಿದೆ. ಹೆಬ್ಬೆರಳಿನಗಲ ಎದ್ದಿತು. ಹಿಂದೆ ನೀಲಿ ಶಾಯಿ. ನಮ್ಮ ಅಕ್ಷರಗಳಿಗಿರುವ ತಲೆಕಟ್ಟಿನ ಹಾಗೆಯೇ ಮೇಲೆ ಕೊಂಡಿಯಿದ್ದ ಬರಹ. ಅರ್ಧ ಶಾಯಿ ಕಾಗದದಲ್ಲಿತ್ತು, ಇನ್ನರ್ಧ ಅಂಟುಹಾಳೆಗೆ ಹತ್ತಿಕೊಂಡು ಬಂದಿತ್ತು. ಇನ್ನೂ ಎಬ್ಬಿಸಿದರೆ ಎಲ್ಲವೂ ಹೀಗೇ ಹರಿದು ಬರುತ್ತದೆ ಎಂದು ಹೆದರಿದೆ. ಆ ಕ್ಷಣದಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯ ಮಾಡಬಹುದಾದ ಕೆಲಸಗಳು ಬೇಕಾದಷ್ಟಿದ್ದವು. ನಾನು ಮೂಲೆಯನ್ನು ಮತ್ತೆ ಒತ್ತಿ, ಬೋರ್ಡಿಗೆ ತೇಗದ ಚೌಕಟ್ಟು ಹಾಕಿಸಿ, ಉಡುಗೊರೆಯ ಕಾಗದ ಸುತ್ತಿದೆ.

ಅದನ್ನು ಹಿಂದಿರುಗಿಸಲು ವುಡ್‌ಲ್ಯಾಂಡ್ಸಿಗೆ ಹೋದೆ. ಚಾಂತಾ ಆಂಟಿ ನನಗೋಸ್ಕರ ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಕಡುಬು ಮಾಡಿಟ್ಟಿದ್ದರು. ಸೂಲಿನ್ ಪಕ್ಕದಲ್ಲಿ ಕೂತಿದ್ದಳು. ಅವರು ಕಾಗದ ಬಿಚ್ಚಿ ಚೌಕಟ್ಟು ನೋಡಿ ಖುಷಿಪಟ್ಟರು. ಆಮೇಲೆ ತಿರುಗಿಸಿದರು.

"ಹಿಂದೆ ಬರೆದದ್ದು ಎಲ್ಲಿ?" ಅಂದರು.

ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ಆದರೆ ನನ್ನ ಕಿವಿಯಲ್ಲಿ ಅದು ಈಗ ಕನ್ನಡದಲ್ಲೇ ಕೇಳಿಸುತ್ತದೆ.

"ಹಿಂದೆ ಏನೂ ಬರೆದಿರಲಿಲ್ಲ ಆಂಟಿ."

"ಇತ್ತು. ನಮ್ಮಪ್ಪ ಬರೆದದ್ದು. ಎಲ್ಲರ ಹೆಸರು."

ಅವರ ದೇಶದಲ್ಲಿ ವರ್ಷಕ್ಕೆ ಹದಿನೈದು ದಿನ ಸತ್ತವರದ್ದು. ಆಗ ಭಿಕ್ಷುಗಳು ಪ್ರತಿ ಮನೆಯವರ ಸತ್ತವರ ಹೆಸರುಗಳನ್ನು ಓದಿ ಕರೆಯುತ್ತಾರೆ. ಹೆಸರು ಕರೆದರೆ ಮಾತ್ರ ಅನ್ನ ಅವರಿಗೆ ಮುಟ್ಟುತ್ತದೆ ಎಂದು ನಂಬಿಕೆ. ಚಾಂತಾ ಆಂಟಿ ಮನೆಗೆ ಹಿರಿಮಗಳು. ಚಿಕ್ಕವರನ್ನು ನೋಡಿಕೊಳ್ಳಲೆಂದು ಶಾಲೆಗೆ ಕಳಿಸಿರಲಿಲ್ಲ, ಓದು ಬರುತ್ತಿರಲಿಲ್ಲ. ಅವರಿಗೆ ಅಜ್ಜ ಅಂದರೆ ಅಜ್ಜ, ದೊಡ್ಡಮ್ಮ ಅಂದರೆ ದೊಡ್ಡಮ್ಮ, ಮಕ್ಕಳಿಗೆಲ್ಲ ಮುದ್ದಿನ ಹೆಸರು. ನಮ್ಮಲ್ಲೂ ಅಷ್ಟೇ ಅಲ್ಲವೇ, ದೊಡ್ಡಮ್ಮನ ಹೆಸರೇನು ಎಂದು ಥಟ್ಟನೆ ಕೇಳಿದರೆ ಎಷ್ಟು ಜನ ಹೇಳುತ್ತೇವೆ? ಹಾಗಾಗಿ ಪ್ರತಿ ವರ್ಷ ಆ ಹದಿನೈದು ದಿನಗಳಲ್ಲಿ ಇಲ್ಲಿಗೆ ಬರುವ ಭಿಕ್ಷುವಿನ ಕೈಗೆ ಫೋಟೊ ಕೊಡುತ್ತಿದ್ದರು, ಬಂದ ಭಿಕ್ಷು ಬೆನ್ನು ನೋಡಿ ಮಂತ್ರದ ನಡುವೆ ಸರಸರನೆ ಓದುತ್ತಿದ್ದರು, ಕೇಳಿದವರಿಗೆ ಹೆಸರುಗಳು ಬಿಡಿಬಿಡಿಯಾಗಿ ಸಿಗುತ್ತಿರಲಿಲ್ಲ. ವರ್ಷಕ್ಕೆ ಒಂದು ಸಲ ಮಾತ್ರ ಅದು ಕವಚದಿಂದ ಹೊರಗೆ ಬರುತ್ತಿತ್ತು, ಸೂಲಿನ್ ಆ ಪೂಜೆಗೆ ಎಂದೂ ಹೋದವಳಲ್ಲ. ಇದನ್ನೆಲ್ಲ ಅವರು ಆ ದಿನ ನನಗೆ ಬಿಡಿಸಿ ಹೇಳಿದರು, ಚಿಕ್ಕ ಮಗುವಿಗೆ ಹೇಳುವ ಹಾಗೆ, ನನಗೆ ನೆನಪಾಗಲಿ ಎಂದು.

ನಾನು ಚೀಲದಿಂದ ಫಾರಂ ತೆಗೆದೆ.

"ನೋಡಿ ಆಂಟಿ, ಹಿಂಬದಿ ಖಾಲಿ ಅಂತ ಇಲ್ಲಿದೆ. ನಿಮ್ಮ ಸಹಿನೂ ಇದೆ."

ಸೂಲಿನ್ ಫಾರಂ ತೆಗೆದುಕೊಂಡು ಓದಿದಳು. "ಅಮ್ಮಾ, ಬ್ಲ್ಯಾಂಕ್ ಅಂತಾನೇ ಇದೆ ಲಾ. ಬೇರೆ ಯಾವುದೋ ಫೋಟೊ ಜೊತೆ ಕನ್‌ಫ್ಯೂಸ್ ಮಾಡ್ಕೊಂಡಿದೀಯ."

"ನನ್ನತ್ರ ಬೇರೆ ಫೋಟೊನೇ ಇಲ್ಲವಲ್ಲ" ಅಂದರು ಚಾಂತಾ ಆಂಟಿ. ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ನನ್ನನ್ನು. ಅವರ ಮುಖದಲ್ಲಿ ಅನುಮಾನವಿತ್ತು. ಅದು ನನ್ನ ಮೇಲಿನ ಅನುಮಾನವಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೇನೋ. ಅವರು ಅನುಮಾನಪಟ್ಟದ್ದು ತಮ್ಮನ್ನೇ. ಆಫೀಸಿನಿಂದ ಬಂದ ಓದಿದ ಮನುಷ್ಯ, ಕೈಯಲ್ಲಿ ಕಾಗದ, ಕಾಗದದ ಮೇಲೆ ತಮ್ಮದೇ ಸಹಿ. ತಪ್ಪು ತಮ್ಮದೇ ಇರಬೇಕು ಅಂದುಕೊಂಡರು.

ನಾನು ಕಡುಬು ತಿಂದೆ. ಎರಡು ತಿಂದೆ. ಚೆನ್ನಾಗಿದೆ ಎಂದೂ ಹೇಳಿದೆ.

ಅದಾದ ಮೇಲೆ ಹತ್ತು ವರ್ಷ ಕೆಲಸದಲ್ಲಿದ್ದೆ. ಯಾರಿಗೂ ಹೇಳಲಿಲ್ಲ, ನನ್ನ ಹೆಂಡತಿಗೂ ಇಲ್ಲ. ಆ ಪ್ರದರ್ಶನಕ್ಕೆ ಒಳ್ಳೆಯ ಹೆಸರು ಬಂತು. ಬೇರೆ ಬಡಾವಣೆಗಳಿಗೂ ಅದನ್ನು ಕೊಂಡೊಯ್ದೆವು, ನನ್ನ ನಕಲು ಫೋಟೊ ಎಲ್ಲ ಕಡೆ ತಿರುಗಿತು. ವುಡ್‌ಲ್ಯಾಂಡ್ಸಿನಲ್ಲಿ ಕೆಲಸ ಬಿದ್ದರೆ ಬೇರೆಯವರನ್ನು ಕಳಿಸುತ್ತಿದ್ದೆ. ಯಾರಾದರೂ ಹಳೆಯ ಫೋಟೊದ ಬೆನ್ನಿನ ಮಾತೆತ್ತಿದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹೊಸಬರಿಗೆ ಮಾತ್ರ ಮೊದಲು ತಿರುಗಿಸಿ ನೋಡಿ ಎಂದು ಬಹಳ ಗಟ್ಟಿಯಾಗಿ ಕಲಿಸುತ್ತಿದ್ದೆ. ಅದಿತಿ ಕಲಿತದ್ದೂ ನನ್ನಿಂದಲೇ. ಆಗ ನನ್ನ ಧ್ವನಿಯಲ್ಲಿ ಮಿಸೆಸ್ ಟಾನ್ ಇರುತ್ತಿದ್ದರು.

ನಿವೃತ್ತನಾದ ಮೇಲಿನ ಮೊದಲ ಮಹಾಲಯ ಅಮಾವಾಸ್ಯೆ. ಸೆರಂಗೂನಿನ ಕಡೆ ಒಬ್ಬ ಪುರೋಹಿತರ ಮನೆಯಲ್ಲಿ ನಾವು ಏಳೆಂಟು ಜನ ತರ್ಪಣಕ್ಕೆ ಕೂತಿದ್ದೆವು. ಅಪ್ಪ, ಅಜ್ಜ, ಮುತ್ತಜ್ಜ ಆಯಿತು. "ತಾಯಿಯ ಕಡೆ ಮುತ್ತಾತನ ಹೆಸರು ಹೇಳಿ" ಅಂದರು ಪುರೋಹಿತರು. ನನಗೆ ಬರಲಿಲ್ಲ. ಯಾವ ವರ್ಷವೂ ಬರುವುದಿಲ್ಲ. ನಮ್ಮಪ್ಪ ಡೈರಿಯ ಹಾಳೆಯೊಂದರಲ್ಲಿ ಎಲ್ಲರ ಹೆಸರು ಬರೆದಿಟ್ಟಿದ್ದರು, ಅದರ ಫೋಟೊ ನನ್ನ ಫೋನಿನಲ್ಲಿದೆ. ಎಡಗೈಯಲ್ಲಿ ಫೋನ್ ಹಿಡಿದು ಅಪ್ಪನ ಅಕ್ಷರ ದೊಡ್ಡದು ಮಾಡಿಕೊಂಡು ಓದಿದೆ. ಬಲಗೈಯಿಂದ ಎಳ್ಳು ನೀರು ಬಿಟ್ಟೆ. ನಮ್ಮ ಹದಿನೈದು ದಿನ, ಚಾಂತಾ ಆಂಟಿಯವರ ಹದಿನೈದು ದಿನ ಎರಡೂ ಒಂದೇ ಪಕ್ಷ. ಇದು ನನಗೆ ಪ್ರದರ್ಶನದ ಕಾಲದಲ್ಲೇ ಗೊತ್ತಿತ್ತು. ಫಲಕದಲ್ಲಿ ಐವತ್ತು ಪದಗಳಲ್ಲಿ ನಾನೇ ಬರೆದಿದ್ದೆ. ಅಲ್ಲೇ, ಆ ಕ್ಷಣಕ್ಕೇ, ವುಡ್‌ಲ್ಯಾಂಡ್ಸಿನಲ್ಲಿ ಒಬ್ಬ ಹೆಂಗಸು ಯಾರ ಹೆಸರನ್ನೂ ಹೇಳಲಾಗದೆ ಕೂತಿದ್ದಾರೆ ಎಂದು ಅನ್ನಿಸಿ ಕೈ ನಿಂತಿತು. ಯಾಕೆ ನಿಲ್ಲಿಸಿದಿರಿ ಎಂದು ಪುರೋಹಿತರು ಕೇಳಿದರು. ಎದೆ ಉರಿ ಅಂದೆ. ಅದೂ ಒಂದು ಸುಳ್ಳು.

ಅದಾಗಿ ವಾರಕ್ಕೆ ಅದಿತಿಯ ಫೋನ್ ಬಂತು, ಭಾಷಣ ಬೇಕು ಎಂದು. ನಾನು ಅವಳಿಗೆ ಎಲ್ಲವನ್ನೂ ಹೇಳಿದೆ.

"ಹೀಟ್ ಅಂಟು ಅಲ್ವಾ ಅಂಕಲ್, ಟ್ರೈ ಮಾಡಬಹುದು. ಪ್ರಾಮಿಸ್ ಮಾಡೋಕಾಗಲ್ಲ" ಅಂದಳು. ಆಮೇಲೆ, "ಆದ್ರೆ ಫಸ್ಟ್ ನೀವು ಆಂಟಿಗೆ ಹೇಳಬೇಕು. ನಾನು ಬರ್ತೀನಿ ಜೊತೇಲಿ. ಆದ್ರೆ ನಾನು ಮಾತಾಡಲ್ಲ, ಓಕೆ?" ಅಂದಳು.

ಒಂದು ಭಾನುವಾರ ಬೆಳಿಗ್ಗೆ ಹೋದೆವು. ಸೂಲಿನ್ ಬಾಗಿಲು ತೆಗೆದಳು. ಚಾಂತಾ ಆಂಟಿ ತೆಳ್ಳಗಾಗಿದ್ದರು, ನನ್ನನ್ನು ಗುರುತಿಸಿದರು. ಗೋಡೆಯ ಮೇಲೆ ತೇಗದ ಚೌಕಟ್ಟು. ಅಡುಗೆಮನೆಯ ಒಲೆಯ ಮೇಲೆ ಓದು ಬಾರದ ಅಮ್ಮನಿಗಾಗಿ ಒಂದು ಚೀಟಿ ಅಂಟಿಸಿತ್ತು: ಬೆಂಕಿಯ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೀಟು, ಒಲೆ ಹಚ್ಚಬೇಡ ಎಂದು. ನಾನು ಅದನ್ನು ನೋಡಿದ್ದನ್ನು ಕಂಡು ಸೂಲಿನ್ ತಗ್ಗಿದ ಧ್ವನಿಯಲ್ಲಿ ಹೇಳಿದಳು. "ಅಮ್ಮನಿಗೆ ಮೆಮೊರಿ ಪ್ರಾಬ್ಲಂ ಅಂಕಲ್. ಟೆಸ್ಟಲ್ಲಿ ಏನೂ ಸಿಗಲಿಲ್ಲ, ಬಟ್ ಯು ಕ್ಯಾನ್ ಟೆಲ್. ನಿಮ್ಮ ಎಕ್ಸಿಬಿಷನ್ ಟೈಮಲ್ಲೇ ಸ್ಟಾರ್ಟ್ ಆಗಿದ್ದು. ಫೋಟೊ ಹಿಂದೆ ಹೆಸರಿತ್ತು ಅಂತ ವರ್ಷಗಟ್ಟಲೆ ಹೇಳ್ತಾನೇ ಇದ್ರು. ಅಲ್ಲಿಂದಾನೇ ನನಗೆ ಗೊತ್ತಾಗಿದ್ದು."

ಕೂತುಕೊಂಡೆ. ಕೂತಲ್ಲಿಂದಲೇ ಹೇಳಿದೆ. ಬೆನ್ನಿನಲ್ಲಿ ಬರಹ ಇತ್ತು. ನಾನು ತಿರುಗಿಸಿ ನೋಡದೆ ಗುರುತು ಹಾಕಿದೆ. ಮೂಲವನ್ನೇ ಅಂಟಿಸಿದೆ. ಆಮೇಲೆ ಕಣ್ಣಾರೆ ಅಕ್ಷರ ನೋಡಿದೆ. ನೋಡಿದ ಮೇಲೂ ಇಲ್ಲ ಅಂದೆ.

ಸೂಲಿನ್ ನನ್ನನ್ನು ನೋಡಲಿಲ್ಲ. ಅಮ್ಮನನ್ನು ನೋಡುತ್ತಿದ್ದಳು.

ಚಾಂತಾ ಆಂಟಿ ಅಳಲಿಲ್ಲ, ಬಯ್ಯಲಿಲ್ಲ. ಮಗಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ನಾನು ಹೇಳಿರಲಿಲ್ವಾ?" ಅಂದರು. "ಹೇಳಿರಲಿಲ್ವಾ ನಿನಗೆ?" ಅವರ ಮುಖ ಬೆಳಗಿತ್ತು. ಅಂಥ ಸಂತೋಷವನ್ನು ನಾನು ಒಬ್ಬರ ಮುಖದಲ್ಲಿ ನೋಡಿದ್ದು ಅಪರೂಪ. ಅವರ ಮನೆಯಲ್ಲಿ ಸತ್ತ ಹನ್ನೊಂದು ಜನರ ಹೆಸರನ್ನು ಮಾತ್ರ ನಾನು ಕಳೆದಿದ್ದೇನೆ ಅಂದುಕೊಂಡು ಹೋಗಿದ್ದೆ. ಅವರ ಬುದ್ಧಿಯ ಮೇಲೆ ಅವರ ಮನೆಯವರಿಗಿದ್ದ ನಂಬಿಕೆಯನ್ನೂ ನಾನೇ ತೆಗೆದುಕೊಂಡು ಹೋಗಿದ್ದೆ ಎನ್ನುವುದು ಆ ಸಂತೋಷ ನೋಡಿದ ಮೇಲೆ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬರೆದು ಕೊಡಿ" ಅಂದರು ಅವರು ನನಗೆ. "ಕಾಗದದಲ್ಲಿ. ಸಹಿ ಹಾಕಿ."

ಬರೆದೆ. ಬರಹ ಇತ್ತು, ನಾನು ನೋಡಿದೆ, ಸುಳ್ಳು ಹೇಳಿದೆ. ಸಹಿ ಹಾಕಿದೆ. ಅವರು ಅದನ್ನು ಸೂಲಿನ್ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. ಇನ್ನೊಂದು ಸಲ ಓದು ಅಂದರು. ಅವಳು ಎರಡನೆಯ ಸಲ ಮುಗಿಸಲಾಗದೆ ಅತ್ತಳು. ಎದ್ದು ಹೋಗಿ ಒಲೆಯ ಮೇಲಿದ್ದ ಚೀಟಿಯನ್ನು ಕಿತ್ತುಹಾಕಿದಳು.

ನಾನು ಗೋಡೆಯ ಕಡೆ ಹೋಗಿ, "ಆಂಟಿ, ಫೋಟೊ ಕೊಟ್ಟರೆ ಬಿಡಿಸೋಕೆ ನೋಡ್ತೀವಿ" ಎನ್ನುತ್ತಾ ಚೌಕಟ್ಟಿಗೆ ಕೈ ಚಾಚಿದೆ.

"ನೀವು ಮುಟ್ಟಬೇಡಿ" ಅಂದರು.

ಕೈ ಹಿಂದಕ್ಕೆ ತೆಗೆದುಕೊಂಡೆ. ಅವರೇ ಅದನ್ನು ಇಳಿಸಿ ಅದಿತಿಯ ಮುಂದೆ ಹಿಡಿದರು. ಅದಿತಿ ತೆಗೆದುಕೊಂಡು, ಮುಖದ ಕಡೆ ನೋಡದೆ, ಮೊದಲು ತಿರುಗಿಸಿದಳು.

ಹೊಸಬರಿಗೆ ಬುದ್ಧಿಮಾತು ಬೇಕಂತೆ. ನನ್ನ ಹತ್ತಿರ ಇರುವುದು ಇಷ್ಟೇ. ತಪ್ಪಾಗುತ್ತದೆ, ನಲವತ್ತು ಫಾರಂ ಇದ್ದ ದಿನ ಖಂಡಿತ ಆಗುತ್ತದೆ. ಆ ದಿನವೇ ಹೇಳಿಬಿಡಿ. ಎದುರಿಗಿರುವವರಿಗೆ ನಿಮ್ಮ ಭಾಷೆ ಓದಲು ಬಾರದಿದ್ದರೆ ಇನ್ನೂ ಬೇಗ ಹೇಳಿ. ಫಾರಂ ಇರುವುದು ಅವರ ವಸ್ತುವನ್ನು ಕಾಯುವುದಕ್ಕೆ. 'ಸಹಿ ನಿಮ್ಮದೇ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದರೆ, ಬಾಯಿ ಮುಚ್ಚಿಕೊಂಡು ಅಲ್ಲಿಂದ ಎದ್ದು ಬನ್ನಿ.

ಅದಿತಿ ಆ ಫೋಟೊದ ಮುಂದೆ ನಾಲ್ಕು ತಿಂಗಳು ಕೂತಳು. ದಿನಕ್ಕೆ ಉಗುರಿನಷ್ಟು. ಮೊನ್ನೆ ಫೋನ್ ಮಾಡಿದಳು.

"ಅಂಕಲ್, ಪೂರ್ತಿ ಬಿಡಿಸಿ ಆಯ್ತು. ತೀರಿಕೊಂಡ ಹನ್ನೊಂದು ಜನರಲ್ಲಿ ನಾಲ್ಕು ಹೆಸರು ಕ್ಲಿಯರ್ ಆಗಿ ಬಂದಿದೆ. ಐದನೇದು ಅರ್ಧ. ಮಿಕ್ಕಿದ್ದೆಲ್ಲ ಇಂಕ್ ಅಂಟಿನ ಜೊತೆ ಹೋಗ್ಬಿಟ್ಟಿದೆ. ಇನ್ನು ಬರಲ್ಲ. ಭಿಕ್ಷು ಒಬ್ಬರು ಬಂದು ಓದಿದ್ರು. ಆಂಟಿನೂ ಇದ್ರು. ನಾಲ್ಕೂ ಹೆಸರು ಬಾಯಿಪಾಠ ಮಾಡ್ಕೊಂಡ್ರು, ಸೂಲಿನ್‌ಗೂ ಹೇಳಿಸಿದ್ರು."

ಆ ಅರ್ಧವನ್ನೂ ಸೇರಿಸಿ ಏಳು ಹೆಸರು ಹೋದವು. ಮುಂದಿನ ಪಿತೃಪಕ್ಷಕ್ಕೆ ಎಳ್ಳು ನೀರು ಬಿಡುವಾಗ ಆ ನಾಲ್ಕು ಜನರನ್ನೂ ನೆನೆಯಬಹುದು ಎಂದುಕೊಂಡು ಕೇಳಿದೆ.

"ಏನು ಆ ಹೆಸರುಗಳು?"

"ಸಾರಿ ಅಂಕಲ್. ನಿಮಗೆ ಹೇಳಬಾರದು ಅಂತ ಆಂಟಿ ಹೇಳಿದಾರೆ."

ಸರಿ ಅಂದೆ.